ಐದು ಯಾರ್ಡ್‌ಗೆ ಇಷ್ಟೊಂದು ಅಳು ಯಾಕೆ?

ನಮ್ಮ ಗಾಲ್ಫ್ ವಾಟ್ಸಾಪ್ ಗುಂಪುಗಳಲ್ಲಿ ಈಗ ಎರಡೇ ಜಗಳ. ಒಂದು ಲಿವ್ ಅನ್ನೋ ಹೊಸ ವೃತ್ತಿಪರ ಗಾಲ್ಫ್ ಲೀಗ್, ಇನ್ನೊಂದು ಚೆಂಡು. ಲಿವ್ ಬಗ್ಗೆ ನನಗೆ ಹೇಳೋಕೆ ಜಾಸ್ತಿ ಏನೂ ಇಲ್ಲ. 2022ರ ಜೂನ್‌ನಲ್ಲಿ ಸೌದಿ ದುಡ್ಡಿನಲ್ಲಿ ಶುರುವಾಯಿತು. ಒಂದು ವರ್ಷ ಎಲ್ಲರಿಗೂ ನೀತಿಪಾಠ ಹೇಳಿದ ಅಮೆರಿಕದ ದೊಡ್ಡ ವೃತ್ತಿಪರ ಸರಣಿ ಪಿಜಿಎ ಟೂರ್, 2023ರ ಜೂನ್‌ನಲ್ಲಿ ಅದೇ ಸೌದಿಯವರ ಜೊತೆ ಒಪ್ಪಂದ ಅಂತ ಹೇಳಿಕೆ ಕೊಟ್ಟಿತು. ನಮ್ಮ ದೇಶದ ಅನಿರ್ಬನ್ ಲಾಹಿರಿ ಲಿವ್‌ಗೆ ಹೋಗಿದ್ದಕ್ಕೆ ಬಯ್ಯುವವರೂ ಇದ್ದಾರೆ. 2022ರ ಪ್ಲೇಯರ್ಸ್ ಚಾಂಪಿಯನ್‌ಷಿಪ್‌ನಲ್ಲಿ ಒಂದೇ ಸ್ಟ್ರೋಕ್‌ನಲ್ಲಿ, ಅಂದ್ರೆ ಒಂದೇ ಹೊಡೆತದಲ್ಲಿ ಗೆಲುವು ತಪ್ಪಿದ ಆಟಗಾರ ಅವರು. ಅವರ ದುಡಿಮೆ ಎಲ್ಲಿ ಅಂತ ಅವರು ನೋಡಿಕೊಳ್ಳುತ್ತಾರೆ, ಬಿಡಿ.

ನನಗೆ ಸಿಟ್ಟು ಬರೋದು ಚೆಂಡಿನ ಜಗಳ ನೋಡಿ. ಅದೂ ಹವ್ಯಾಸಕ್ಕೆ ಆಡುವ ನಮ್ಮಂಥ ಅಮೆಚೂರ್‌ಗಳು ಮಾಡುವ ಜಗಳ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಗಾಲ್ಫ್‌ಗೆ ನಿಯಮ ಮಾಡುವ ಸಂಸ್ಥೆಗಳು ಎರಡು. ಅಮೆರಿಕದ ಯುಎಸ್‌ಜಿಎ, ಸೇಂಟ್ ಆಂಡ್ರೂಸ್‌ನ ಆರ್ ಅಂಡ್ ಎ. ಚೆಂಡು ತುಂಬಾ ದೂರ ಹೋಗುತ್ತಿದೆ, ಸ್ವಲ್ಪ ಕಡಿಮೆ ಮಾಡೋಣ ಅಂತ ಇಬ್ಬರೂ ಸೇರಿ 2023ರ ಡಿಸೆಂಬರ್‌ನಲ್ಲಿ ಘೋಷಿಸಿದರು. ಆಗ ಹೇಳಿದ ಪ್ರಕಾರ ದೊಡ್ಡ ವೃತ್ತಿಪರ ಟೂರ್ನಿಗಳಿಗೆ 2028ರಿಂದ, ನಮ್ಮೆಲ್ಲರಿಗೆ 2030ರಿಂದ. ದಿನಾಂಕ ಆಚೀಚೆ ಆದರೂ ನನ್ನ ವಾದಕ್ಕೇನೂ ತೊಂದರೆ ಇಲ್ಲ. ಈಗಿನ ಪರೀಕ್ಷೆಯಲ್ಲಿ ಯಂತ್ರವೊಂದು ಗಂಟೆಗೆ 120 ಮೈಲಿ ವೇಗದಲ್ಲಿ ಕ್ಲಬ್ (ಗಾಲ್ಫ್ ಕೋಲು) ಬೀಸುತ್ತದೆ. ಚೆಂಡು 317 ಯಾರ್ಡ್ ದಾಟಬಾರದು, ಮೇಲೆ 3 ಯಾರ್ಡ್ ರಿಯಾಯಿತಿ. ಹೊಸ ಪರೀಕ್ಷೆಯಲ್ಲಿ ದೂರದ ಮಿತಿ ಅದೇ, ಬೀಸುವ ವೇಗ 125, ಜೊತೆಗೆ ಚೆಂಡು ಏಳುವ ಕೋನ, ತಿರುಗುವ ವೇಗ ಸ್ವಲ್ಪ ಬದಲು. ಅಷ್ಟೇ. ಇವತ್ತಿನ ಬಹಳಷ್ಟು ಒಳ್ಳೆಯ ಚೆಂಡುಗಳು ಅದರಲ್ಲಿ ಫೇಲ್ ಆಗುತ್ತವೆ.

ಇದರಿಂದ ಯಾರಿಗೆಷ್ಟು ನಷ್ಟ ಅಂತಲೂ ಅವರೇ ಅಂದಾಜು ಕೊಟ್ಟಿದ್ದಾರೆ. ಅತಿ ದೂರ ಹೊಡೆಯುವ ವೃತ್ತಿಪರರಿಗೆ 13ರಿಂದ 15 ಯಾರ್ಡ್. ಟೂರ್‌ನ ಸರಾಸರಿ ಆಟಗಾರರಿಗೆ 9ರಿಂದ 11. ಮಹಿಳಾ ವೃತ್ತಿಪರರಿಗೆ 5ರಿಂದ 7. ನಮಗೆ? 5 ಅಥವಾ ಅದಕ್ಕಿಂತ ಕಡಿಮೆ.

ಈ ಐದು ಯಾರ್ಡ್‌ಗೆ ನಮ್ಮವರು ಮಾಡುತ್ತಿರುವ ರಂಪ ನೋಡಬೇಕು. "ಆಟವೇ ಮುಗಿಯಿತು", "ವಯಸ್ಸಾದವರು ಇನ್ನು ಆಡೋದು ಹೇಗೆ", "ನಮ್ಮ ಸುಖ ಕಿತ್ತುಕೊಂಡರು". ಅಲ್ಲಾ ಸ್ವಾಮಿ, ಸಾಮಾನ್ಯ ಗಂಡಸು ಅಮೆಚೂರ್ ಸರಾಸರಿ ಕ್ಲಬ್ ವೇಗ ಗಂಟೆಗೆ 93 ಮೈಲಿಯ ಹತ್ತಿರ ಅಂತ ಅದೇ ಸಂಸ್ಥೆಗಳು ಹೇಳುತ್ತವೆ. 125ರಲ್ಲಿ ಪರೀಕ್ಷೆ ಮಾಡಿದರೆ ನಮಗೇನು, 225ರಲ್ಲಿ ಮಾಡಿದರೆ ನಮಗೇನು? ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ಹಾಗಾಗಿ ಇಲ್ಲಿ ಚೆಂಡು ಜಾಸ್ತಿ ಹೋಗುತ್ತದೆ. ಇದೇ ಚೆಂಡು, ಇದೇ ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್) ತಗೊಂಡು ಸಮುದ್ರಮಟ್ಟದ ಹತ್ತಿರ ಇರುವ ಕೋಲ್ಕತ್ತದ ರಾಯಲ್ ಗಾಲ್ಫ್ ಕ್ಲಬ್‌ನಲ್ಲಿ ಆಡಿ ಬನ್ನಿ. 200 ಯಾರ್ಡ್ ಹೊಡೆಯುವವರಿಗೆ ಐದಾರು ಯಾರ್ಡ್ ಅಲ್ಲೇ ಹೋಗಿರುತ್ತದೆ. ಅದಕ್ಕಾಗಿ ಕೋಲ್ಕತ್ತದ ಮೇಲೆ ಯಾರಾದರೂ ಪೋಸ್ಟ್ ಹಾಕಿದ್ದು ನಾನಂತೂ ನೋಡಿಲ್ಲ.

ನನ್ನ ಹ್ಯಾಂಡಿಕ್ಯಾಪ್ 20ರ ಸುತ್ತಮುತ್ತ ಓಡಾಡುತ್ತಿರುತ್ತದೆ, ಅಂದ್ರೆ ಸಾಧಾರಣ ಆಟ. ನನ್ನ ಒಂದು ರೌಂಡಿನಲ್ಲಿ ಸ್ಟ್ರೋಕ್‌ಗಳು ಎಲ್ಲಿ ಹೋಗುತ್ತವೆ ಅಂತ ಲೆಕ್ಕ ಹಾಕಿದರೆ ಮರದ ಹಿಂದೆ, ನೀರಿನಲ್ಲಿ, ಗುಳಿಯ ಹತ್ತಿರ ಬಂದೂ ಚೆಂಡನ್ನ ಒಳಗೆ ತಳ್ಳೋಕೆ ತಗೊಳ್ಳುವ ಮೂರು ಪಟ್‌ಗಳಲ್ಲಿ. ಐದು ಯಾರ್ಡ್ ಕಡಿಮೆ ಬಿದ್ದು ಸ್ಕೋರ್ ಕೆಟ್ಟ ಹೋಲ್ ಒಂದೂ ನೆನಪಿಗೆ ಬರಲ್ಲ. ನಿಮಗೆ ಬಂದರೆ ಹೇಳಿ.

ಮತ್ತೆ ಈ ಸಿಟ್ಟು ಎಲ್ಲಿಂದ ಬಂತು? ಇಲ್ಲಿಂದ ಮುಂದಕ್ಕೆ ಸ್ವಲ್ಪ ಗಮನ ಕೊಡಿ, ನಮ್ಮವರು ಬಹಳಷ್ಟು ಜನ ಇದನ್ನ ಮರೆತೇಬಿಟ್ಟಿದ್ದಾರೆ. 2023ರ ಮಾರ್ಚ್‌ನಲ್ಲಿ ಬಂದ ಮೊದಲ ಪ್ರಸ್ತಾವದಲ್ಲಿ ನಾವು ಇರಲೇ ಇಲ್ಲ. ಅದು ಬರೀ ವೃತ್ತಿಪರರಿಗೆ ಮತ್ತು ಮೇಲಿನ ದರ್ಜೆಯ ಟೂರ್ನಿಗಳಿಗೆ. ಬೇಕಾದ ಟೂರ್ನಿಯವರು ಹಾಕಿಕೊಳ್ಳಬಹುದಾದ ಸ್ಥಳೀಯ ನಿಯಮ. ನಾವು ನಮ್ಮ ಹಳೇ ಚೆಂಡಿನಲ್ಲೇ ಆರಾಮಾಗಿ ಆಡಿಕೊಂಡಿರಬಹುದಿತ್ತು. ಅದನ್ನ ವಿರೋಧಿಸಿದ್ದು ಪಿಜಿಎ ಟೂರ್, ಪಿಜಿಎ ಆಫ್ ಅಮೆರಿಕ, ಚೆಂಡು ಮಾಡುವ ಕಂಪನಿಗಳು. ಒಂದೇ ಆಟಕ್ಕೆ ಎರಡು ನಿಯಮ ಬೇಡ ಅಂದರು. ಸರಿ, ಒಂದೇ ನಿಯಮ ಬೇಕಾ, ತಗೊಳ್ಳಿ ಅಂತ ಡಿಸೆಂಬರ್‌ನಲ್ಲಿ ಎಲ್ಲರಿಗೂ ಸೇರಿಸಿ ಮಾಡಿದರು. ಸ್ಟಾರ್ ಆಟಗಾರ ರೋರಿ ಮೆಕಿಲ್ರಾಯ್ ಆಗಲೇ ಇದನ್ನ ಬಿಡಿಸಿ ಹೇಳಿದ್ದರು, ಸಿಟ್ಟು ಬಂದಿದ್ದರೆ ವೃತ್ತಿಪರರ ಮೇಲೂ ಕಂಪನಿಗಳ ಮೇಲೂ ತೋರಿಸಿ, ನಿಯಮ ಮಾಡಿದವರ ಮೇಲಲ್ಲ ಅಂತ. ಚೆಂಡಿನ ದೂರದಿಂದ ಅತಿ ಹೆಚ್ಚು ಲಾಭ ಪಡೆದವರಲ್ಲಿ ಒಬ್ಬ ಆತ. ಆತನೇ ಹಿಂದಕ್ಕೆಳೆಯೋದು ಸರಿ ಅನ್ನುತ್ತಿರುವಾಗ ನಮ್ಮ ಕ್ಲಬ್‌ನ ಭಾನುವಾರದ ಆಟಗಾರರು ಯಾರ ಪರ ವಕಾಲತ್ತು ಮಾಡುತ್ತಿದ್ದಾರೆ?

ಕಂಪನಿಗಳ ಪರ. ಎರಡು ಥರದ ಚೆಂಡು ಬಂದರೆ ಅವರ ಜಾಹೀರಾತಿನ ಬುಡವೇ ಅಲ್ಲಾಡುತ್ತದೆ. ಟೂರ್‌ನಲ್ಲಿ ಗೆದ್ದವನು ಹೊಡೆದ ಚೆಂಡು ನಿಮ್ಮ ಬ್ಯಾಗಿನಲ್ಲೂ ಇದೆ ಅನ್ನೋದೇ ಅವರ ವ್ಯಾಪಾರ. ಟೈಟ್ಲಿಸ್ಟ್ ಕಂಪನಿಯ ಪ್ರೋ ವಿ1 ಚೆಂಡು 2000ನೇ ಇಸವಿಯ ಕೊನೆಗೆ ಟೂರ್‌ಗೆ ಬಂತು. ಒಳಗೆ ರಬ್ಬರ್ ದಾರ ಸುತ್ತಿದ ಹಳೆಯ ಚೆಂಡುಗಳು ನೋಡನೋಡುತ್ತಾ ಮಾಯವಾದವು. ಒಳ್ಳೆಯ ಚೆಂಡೇ, ಇಲ್ಲ ಅನ್ನಲ್ಲ. ಆದರೆ ಅಮೆರಿಕದಲ್ಲೇ ಡಜನ್‌ಗೆ ಸುಮಾರು 55 ಡಾಲರ್. ನಾವು ಅದನ್ನ ತಂದು, ಎರಡನೇ ಹೋಲ್‌ನ ಕೆರೆಗೆ ಹಾಕಿ, ಮತ್ತೊಂದು ತೆಗೆಯುತ್ತೇವೆ. ಚೆಂಡು ಐದು ಯಾರ್ಡ್ ಕಡಿಮೆ ಹೋಗುತ್ತೆ ಅಂತ ಅಳುವವರು ಅದರ ಬೆಲೆ ಬಗ್ಗೆ ತುಟಿ ಬಿಚ್ಚಲ್ಲ. ಇದು ನನಗೆ ಯಾವತ್ತೂ ಅರ್ಥವಾಗಿಲ್ಲ.

"ಹಿಂದೆಂದೂ ಹೀಗೆ ಮಾಡಿಲ್ಲ" ಅನ್ನೋದು ಇನ್ನೊಂದು ವಾದ. ಮಾಡಿದ್ದಾರೆ. ಎರಡು ಸಲ. 1931ರಲ್ಲಿ ಯುಎಸ್‌ಜಿಎ ಚೆಂಡನ್ನ ಹಗುರ ಮಾಡಿತು, 1.55 ಔನ್ಸ್‌ಗೆ ಇಳಿಸಿತು. ಗಾಳಿಗೆ ತೂರಾಡುವ ಆ ಚೆಂಡಿಗೆ ಜನ ಬಲೂನ್ ಚೆಂಡು ಅಂತ ಹೆಸರಿಟ್ಟರು. ಎಷ್ಟು ಬೈಗುಳ ಬಂತು ಅಂದ್ರೆ 1932ರಲ್ಲೇ ಮತ್ತೆ 1.62 ಔನ್ಸ್‌ಗೆ ವಾಪಸ್. ಇದು ಸೋತ ಕಥೆ, ಒಪ್ಪುತ್ತೇನೆ. ಗೆದ್ದ ಕಥೆ ಬ್ರಿಟನ್‌ನದು. ಅಲ್ಲಿ ದಶಕಗಳ ಕಾಲ 1.62 ಇಂಚು ವ್ಯಾಸದ ಸಣ್ಣ ಚೆಂಡು, ಅಮೆರಿಕದಲ್ಲಿ 1.68 ಇಂಚು. ಸಣ್ಣದು ಗಾಳಿಯನ್ನ ಚೆನ್ನಾಗಿ ಸೀಳಿಕೊಂಡು ಹೋಗುತ್ತಿತ್ತು. ಒಂದೇ ಆಟ, ಎರಡು ಚೆಂಡು, ಯಾರೂ ಸಾಯಲಿಲ್ಲ. 1974ರಲ್ಲಿ ಅಲ್ಲಿನ ದೊಡ್ಡ ಟೂರ್ನಿ ಓಪನ್ ಚಾಂಪಿಯನ್‌ಷಿಪ್‌ಗೆ ದೊಡ್ಡ ಚೆಂಡು ಕಡ್ಡಾಯವಾಯಿತು, ಆ ವರ್ಷ ಗ್ಯಾರಿ ಪ್ಲೇಯರ್ ಗೆದ್ದರು. 1990ರಲ್ಲಿ ಸಣ್ಣ ಚೆಂಡು ಎಲ್ಲರಿಗೂ ಬಂದ್ ಆಯಿತು. ಬ್ರಿಟನ್‌ನ ಸಾಮಾನ್ಯ ಆಟಗಾರರು ಅಷ್ಟು ದೂರ ಕಳಕೊಂಡು ಈಗಲೂ ಆಡುತ್ತಲೇ ಇದ್ದಾರೆ.

ಇನ್ನು ಜಾಗದ ಮಾತು. 1980ರಲ್ಲಿ ಪಿಜಿಎ ಟೂರ್‌ನ ಸರಾಸರಿ ಡ್ರೈವ್ (ಡ್ರೈವರ್‌ನ ಹೊಡೆತ) 257 ಯಾರ್ಡ್. ಈಗ ಸುಮಾರು 300. ಆಟಗಾರರು ಜಿಮ್‌ಗೆ ಹೋಗುತ್ತಾರೆ, ಹೊಡೆತ ಅಳೆಯುವ ಟ್ರ್ಯಾಕ್‌ಮ್ಯಾನ್ ಯಂತ್ರ ಇದೆ, ಎಲ್ಲ ನಿಜ, ಬರೀ ಚೆಂಡಿನ ಮಹಿಮೆ ಅಲ್ಲ. ಆದರೆ ಯಾವ ಕಾರಣಕ್ಕೆ ಬಂದರೂ ಆ ದೂರವನ್ನ ಹಿಡಿಸೋಕೆ ಭೂಮಿ ಬೇಕಲ್ಲ. ಮಾಸ್ಟರ್ಸ್ ಟೂರ್ನಿ ನಡೆಯುವ ಅಮೆರಿಕದ ಅಗಸ್ಟಾ ಕ್ಲಬ್ ತನ್ನ ಪಕ್ಕದ ಕ್ಲಬ್‌ನಿಂದ ಜಾಗ ಕೊಂಡುಕೊಂಡಿತು, 2023ರ ಮಾಸ್ಟರ್ಸ್‌ಗೆ 13ನೇ ಹೋಲ್ ಅನ್ನ 510ರಿಂದ 545 ಯಾರ್ಡ್‌ಗೆ ಎಳೆಯಿತು. ಸೇಂಟ್ ಆಂಡ್ರೂಸ್‌ನಲ್ಲಿ 2010ರ ಓಪನ್‌ಗೆ 17ನೇ ಹೋಲ್‌ನ ಟೀಯನ್ನ (ಮೊದಲ ಹೊಡೆತ ಹೊಡೆಯುವ ಜಾಗ) ಕೋರ್ಸಿನ ಗಡಿಯಾಚೆಗೆ ಒಯ್ದು ಇಟ್ಟರು. ಗಾಲ್ಫ್ ಹುಟ್ಟಿದ ಊರಿನಲ್ಲೇ ಈ ಗತಿ! ಅಗಸ್ಟಾ ಹತ್ತಿರ ದುಡ್ಡಿದೆ, ಮಾಡುತ್ತದೆ. 1876ರಲ್ಲಿ ಶುರುವಾದ ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ ಊರಿನ ನಟ್ಟನಡುವೆ, ರಸ್ತೆಗಳ ಮಧ್ಯೆ ಇದೆ. ಅದು ಎಲ್ಲಿಗೆ ಬೆಳೆಯಬೇಕು? ಹೊಸ ಕೋರ್ಸ್ ಮಾಡುವವರು 7,200, 7,400 ಯಾರ್ಡ್ ಅಂತ ಬೋರ್ಡ್ ಹಾಕಿಕೊಳ್ಳೋದು ನಾವು ಆಡಲಿ ಅಂತಲ್ಲ, ಟಿವಿಯಲ್ಲಿ ನೋಡಿದ ಅಂಕಿ ಅದು. ಅಷ್ಟು ಹುಲ್ಲಿಗೆ ನೀರು, ಅಷ್ಟು ಜನ ಮಾಲಿಗಳು, ಖರ್ಚೆಲ್ಲ ಕೊನೆಗೆ ನಮ್ಮ ಗ್ರೀನ್ ಫೀಗೇ ಬರುತ್ತದೆ. 2024ರ ಮಾರ್ಚ್‌ನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ ಊರಿದು. ಗಾಲ್ಫ್ ಅಂದ್ರೆ ಜನ ಮೊದಲು ಕೇಳೋದೇ ನೀರಿನ ಪ್ರಶ್ನೆ, ಕೇಳೋದು ಸರಿಯಾಗಿಯೂ ಇದೆ.

"ಚೆಂಡು ಬಿಡಿ, ರಫ್ ಬೆಳೆಸಿ, ಫೇರ್‌ವೇ ಕಿರಿದು ಮಾಡಿ" ಅನ್ನುವವರ ವಾದಕ್ಕೆ ತೂಕ ಇದೆ. (ಫೇರ್‌ವೇ ಅಂದ್ರೆ ನಡುವಿನ ಕತ್ತರಿಸಿದ ಹುಲ್ಲಿನ ದಾರಿ, ರಫ್ ಅಂದ್ರೆ ಅದರ ಪಕ್ಕದ ಉದ್ದ ಹುಲ್ಲು.) 2013ರ ಯುಎಸ್ ಓಪನ್ ನಡೆದ ಮೆರಿಯನ್ ಕೋರ್ಸ್ 7,000 ಯಾರ್ಡ್ ಕೂಡ ಇರಲಿಲ್ಲ. ಜಸ್ಟಿನ್ ರೋಸ್ ಗೆದ್ದಿದ್ದು ಒಂದು ಓವರ್ ಪಾರ್‌ನಲ್ಲಿ, ಅಂದ್ರೆ ಕೋರ್ಸಿಗೆ ನಿಗದಿಯಾದ ಹೊಡೆತಗಳಿಗಿಂತ ಒಂದು ಜಾಸ್ತಿ. ಸರಿ. ಆದರೆ ಅಂಥ ರಫ್ ಅನ್ನ ಪ್ರತಿ ವಾರ, ಪ್ರತಿ ಊರಲ್ಲಿ ಬೆಳೆಸಿ ನೋಡೋಣ. ಎಲ್ಲರೂ ಹುಲ್ಲಿನಿಂದ ವೆಡ್ಜ್‌ನಲ್ಲಿ ಕೆತ್ತಿ ಹೊರಗೆ ಹಾಕುವ ಆಟ ನೋಡೋಕೆ ಯಾರಿಗೆ ಇಷ್ಟ? ನನಗೆ ಬೇಕಾಗಿರೋದು ಪಾರ್ 4ರಲ್ಲಿ ಎರಡನೇ ಹೊಡೆತಕ್ಕೂ ದೂರ ಹೊಡೆಯುವ ಐದನೇ ಐರನ್ ಕ್ಲಬ್ ತೆಗೆಯುವ ಆಟ.

ಅದಿತಿ ಅಶೋಕ್ ಆಟ ನೆನಪಿಸಿಕೊಳ್ಳಿ. ಬೆಂಗಳೂರಿನ ಹುಡುಗಿ, ಆಟ ಕಲಿತಿದ್ದು ಇಲ್ಲೇ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 60 ಜನ ಆಡಿದರು, ಅತಿ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿ ಅದಿತಿ. ಸ್ವಲ್ಪ ದಿನದ ಹಿಂದಷ್ಟೇ ಕೋವಿಡ್ ಬಂದು ಹೋಗಿತ್ತು. ಬೇರೆಯವರು ಸಣ್ಣ ಐರನ್ ಹಿಡಿದು ಗ್ರೀನ್‌ಗೆ ಹೊಡೆಯುವಾಗ ಇವರ ಕೈಯಲ್ಲಿ ಇನ್ನೂ ದೂರ ಹೊಡೆಯುವ ಕ್ಲಬ್‌ಗಳಾದ ಹೈಬ್ರಿಡ್ ಇಲ್ಲವೇ ಫೇರ್‌ವೇ ವುಡ್. ಅಲ್ಲಿಂದ ಗ್ರೀನ್‌ಗೆ ತಂದು, ಪಟರ್‌ನಲ್ಲಿ ಕೊರತೆ ತುಂಬಿಸಿ, ನಾಲ್ಕು ದಿನದ ಕೊನೆಗೆ 15 ಅಂಡರ್. ನೆಲ್ಲಿ ಕೋರ್ಡಾ 17, ಮೋನೆ ಇನಾಮಿ ಮತ್ತು ಲಿಡಿಯಾ ಕೋ 16. ಒಂದೇ ಒಂದು ಸ್ಟ್ರೋಕ್‌ನಲ್ಲಿ ಪದಕ ಹೋಯಿತು. ಆ ಶನಿವಾರ ಬೆಳಗ್ಗೆ ಗಾಲ್ಫ್ ಅಂದರೇನು ಅಂತ ಗೊತ್ತಿಲ್ಲದವರೂ ಟಿವಿ ಮುಂದೆ ಕೂತು ಪಾರ್, ಬರ್ಡಿ ಅಂತ ಕಲಿತರು. ಅವತ್ತು ಅವರೆಲ್ಲ ಕೂತಿದ್ದು ಯಾರು ದೂರ ಹೊಡೆಯುತ್ತಾರೆ ಅಂತ ನೋಡೋಕಲ್ಲ. ಹೊಸ ನಿಯಮದಲ್ಲಿ ಜಾಸ್ತಿ ವೇಗದವರಿಗೆ ಜಾಸ್ತಿ ಕಡಿತ, ಕಡಿಮೆ ವೇಗದವರಿಗೆ ಕಡಿಮೆ ಕಡಿತ. ಅಂದ್ರೆ ಅದಿತಿಯಂಥವರಿಗೂ ಉದ್ದಕ್ಕೆ ಹೊಡೆಯುವವರಿಗೂ ಇರುವ ಅಂತರ ಒಂದೆರಡು ಯಾರ್ಡ್ ಆದರೂ ತಗ್ಗುತ್ತದೆ. ಇದನ್ನ ವಿರೋಧಿಸೋಕೆ ನಮಗೇನು ಕಾರಣ ಇದೆ?

ನಿಯಮ ಮಾಡಿದವರ ಮೇಲೆ ನನಗೂ ಒಂದು ತಕರಾರು ಇದೆ. ಅವರು ಡ್ರೈವರ್ ಅನ್ನ ಮುಟ್ಟಲಿಲ್ಲ. 1991ರಲ್ಲಿ ಕ್ಯಾಲವೇ ಕಂಪನಿ ಬಿಗ್ ಬರ್ತಾ ಅನ್ನೋ ಡ್ರೈವರ್ ತಂದಾಗ ಅದರ ತಲೆ 190 ಸಿಸಿ. ಅದನ್ನೇ ಆಗ ಭಾರಿ ದೊಡ್ಡದು ಅಂದರು. ಈಗಿನ ಮಿತಿ 460. ತಲೆ ಅಷ್ಟು ದೊಡ್ಡದಾದರೆ ಅಂಚಿಗೆ ತಾಗಿದ ಹೊಡೆತವೂ ನೆಟ್ಟಗೆ, ದೂರ ಹೋಗುತ್ತದೆ. ತಪ್ಪಿದರೆ ಶಿಕ್ಷೆ ಇಲ್ಲ ಅಂತ ಗೊತ್ತಿದ್ದಾಗ ಮೈಯಲ್ಲಿರುವ ಬಲವನ್ನೆಲ್ಲ ಹಾಕಿ ಬೀಸಲೇನು ಅಡ್ಡಿ? ವೇಗ ಬಂದಿದ್ದೇ ಆ ಧೈರ್ಯದಿಂದ ಅನ್ನೋದು ನನ್ನ ಅನಿಸಿಕೆ. ನನ್ನ ಕೇಳಿದರೆ ವೃತ್ತಿಪರರ ಡ್ರೈವರ್ ಸಣ್ಣದು ಮಾಡಿ, ನಮಗೆ 460 ಹಾಗೇ ಇರಲಿ. ನಮಗೆ ಅದು ಬೇಕು, ಅವರಿಗೆ ಬೇಡ.

ಡ್ರೈವರ್ ಪರೀಕ್ಷೆಯೂ ಒಂದು ತಮಾಷೆ. ಚೆಂಡಿಗೆ ತಾಗುವ ಅದರ ಮುಖಕ್ಕೆ ಸಣ್ಣ ಲೋಲಕವೊಂದನ್ನ ಬಡಿದು, ಅದು ಎಷ್ಟು ಮೈಕ್ರೋಸೆಕೆಂಡ್ ತಾಗಿಕೊಂಡಿರುತ್ತದೆ ಅಂತ ಅಳೆಯುತ್ತಾರೆ. ಮಿತಿ 239, ರಿಯಾಯಿತಿ 18, ಒಟ್ಟು 257. ಹೊಡೆದು ಹೊಡೆದು ಮುಖ ಸವೆದಂತೆ ಸ್ಪ್ರಿಂಗ್ ಗುಣ ಜಾಸ್ತಿಯಾಗಿ ಮಿತಿ ದಾಟುತ್ತದೆ. 2025ರ ಪಿಜಿಎ ಚಾಂಪಿಯನ್‌ಷಿಪ್‌ನಲ್ಲಿ ಮೆಕಿಲ್ರಾಯ್ ಡ್ರೈವರ್ ಹೀಗೇ ಫೇಲ್ ಆಯಿತು. ಸುದ್ದಿ ಹೊರಬಿದ್ದ ಮೇಲೆ ಆತನ ಮೇಲೆ ಮೋಸಗಾರ ಅನ್ನುವ ಮಟ್ಟಕ್ಕೆ ಮಾತು. ಆಮೇಲೆ ನೋಡಿದರೆ ಟೂರ್ನಿ ಗೆದ್ದ ಸ್ಕಾಟಿ ಶೆಫ್ಲರ್ ಡ್ರೈವರ್ ಕೂಡ ಅದೇ ವಾರ ಫೇಲ್ ಆಗಿ ಬದಲಾಗಿತ್ತು! ಆತ ಬೇರೆ ಡ್ರೈವರ್‌ನಲ್ಲೇ ಗೆದ್ದ. ಇದರಲ್ಲಿ ಮೋಸ ಏನೂ ಇಲ್ಲ, ಸವೆತ ಅಷ್ಟೇ. ಫಲಿತಾಂಶವನ್ನ ಗುಟ್ಟಾಗಿ ಇಡೋದೇ ತಪ್ಪು. ಎಲ್ಲರದ್ದೂ ಪರೀಕ್ಷೆ ಮಾಡಿ, ಬೋರ್ಡ್ ಮೇಲೆ ಹಾಕಿ, ಗಾಸಿಪ್ ಅಲ್ಲಿಗೇ ಮುಗಿಯುತ್ತದೆ.

ನಾವು ಕ್ರಿಕೆಟ್ ನೋಡಿ ಬೆಳೆದವರು ತಾನೇ. 2017ರ ಅಕ್ಟೋಬರ್‌ನಿಂದ ಬ್ಯಾಟಿನ ಅಂಚು 40 ಮಿಲಿಮೀಟರ್, ದಪ್ಪ 67 ಮಿಲಿಮೀಟರ್ ದಾಟಬಾರದು ಅಂತ ನಿಯಮ ಬಂತು. ಜಯನಗರದ ಮೈದಾನದಲ್ಲಿ ಆಡುವ ಹುಡುಗರು ಯಾರೂ ಬೀದಿಗೆ ಇಳಿಯಲಿಲ್ಲ. ಗಾಲ್ಫ್‌ನಲ್ಲೇ ನೋಡಿ, ಉದ್ದ ಪಟರ್ ಅನ್ನ ಎದೆಗೆ, ಹೊಟ್ಟೆಗೆ ಒತ್ತಿ ಹಿಡಿಯೋದನ್ನ 2016ರಲ್ಲಿ ನಿಷೇಧಿಸಿದಾಗಲೂ ಹಿರಿಯರ ಆಟ ಮುಗಿಯಿತು ಅಂದರು. ಹಿರಿಯ ಆಟಗಾರ ಬರ್ನ್‌ಹಾರ್ಡ್ ಲ್ಯಾಂಗರ್ ಅದೇ ಉದ್ದ ಪಟರ್ ಅನ್ನ ಎದೆಗೆ ತಾಗಿಸದೆ ಹಿಡಿದು ಹಿರಿಯರ ಟೂರ್‌ನಲ್ಲಿ ಗೆಲ್ಲುತ್ತಾ ಹೋದರು.

ಕಾಮೆಂಟಿನಲ್ಲಿ ಬಯ್ಯುವವರು ಧಾರಾಳವಾಗಿ ಬಯ್ಯಿರಿ. ಒಂದೇ ಷರತ್ತು. ಮೊದಲು ನಿಮ್ಮ ಕ್ಲಬ್ ವೇಗ ಬರೆದು, ಆಮೇಲೆ ಕೊನೆಯ ರೌಂಡಿನಲ್ಲಿ ಎಷ್ಟು ಚೆಂಡು ಕಳೆದಿರಿ ಅಂತಲೂ ಬರೆಯಬೇಕು.