ಅರ್ಧ ಇಂಚಿನ ಲೆಕ್ಕ

ಸ್ಟೂಲಿನ ಮೇಲೆ ನಿಂತು ಬಚ್ಚಲುಮನೆಯ ಹೊರಗೋಡೆಯನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದಾಗ, ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ಇಣುಕಿ, "ಯಾಕೆ ಸಾರ್, ಕೆಲಸದವರು ಯಾರೂ ಸಿಗಲಿಲ್ಲವೇ?" ಎಂದು ಕೇಳಿದರು. ಆ ಪ್ರಶ್ನೆಯಲ್ಲಿದ್ದ ಕನಿಕರ ನನ್ನನ್ನು ಕೆಣಕಿತು. ತಿಂಗಳಿಗಿಷ್ಟೆಂದು ಹಣ ತೆತ್ತು ಜಿಮ್ಮಿನಲ್ಲಿ ಕಬ್ಬಿಣ ಎತ್ತಿಳಿಸುವವರನ್ನು ಕಂಡು ಯಾರೂ ಹೀಗೆ ಮರುಗುವುದಿಲ್ಲ. ತನ್ನ ಮನೆಯ ಗೋಡೆಯನ್ನು ತಾನೇ ಕೆರೆಯುವ ಗೃಹಸ್ಥ ಮಾತ್ರ ಒಂದೋ ಜಿಪುಣನಿರಬೇಕು, ಇಲ್ಲವೇ ಕಷ್ಟದಲ್ಲಿರಬೇಕು ಎಂಬುದು ನಮ್ಮ ಬೀದಿಯ ತೀರ್ಮಾನ. ಇದಕ್ಕೆ ಉತ್ತರವಾಗಿಯಾದರೂ ಮಿತಖರ್ಚಿನಲ್ಲಿ ಮನೆಯನ್ನು ತಾವೇ ರಿಪೇರಿ ಮಾಡಿಕೊಳ್ಳುವ ಗುಟ್ಟನ್ನು ಬರೆದಿಡಬೇಕೆನಿಸಿತು.

ಗುಟ್ಟಿಗೆ ಬರುವ ಮೊದಲು ಅಂದಾಜುಪಟ್ಟಿ ಬೇಕು. ಕಳೆದ ವರ್ಷದ ಕ್ಯಾಲೆಂಡರಿನ ಹಾಳೆಯ ಬೆನ್ನಿನ ಮೇಲೆ ನಾನು ಬರೆದ ಪಟ್ಟಿಯಲ್ಲಿ ಪುಟ್ಟಿ, ಪ್ರೈಮರ್, ಬಣ್ಣ, ಬ್ರಷ್ಷುಗಳಿಗಿಂತ ಮೇಲೆ ಇದ್ದದ್ದು ಸೋರುವ ನಲ್ಲಿ ಮತ್ತು ಅದಕ್ಕೆ ನೀರು ತರುವ ಅರ್ಧ ಇಂಚಿನ ಪೈಪಿನ ಒಂದು ತುಂಡು.

ಈ ಅರ್ಧ ಇಂಚಿನ ವಿಚಾರವನ್ನು ತುಸು ವಿವರವಾಗಿಯೇ ಹೇಳಬೇಕು. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್ ಎಂದು ಶಾಲೆಯಲ್ಲಿ ಕಲಿತವರು ಅರ್ಧ ಇಂಚಿನ ಜಿಐ ಪೈಪನ್ನು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪನ್ನು, ಅಳೆದು ನೋಡಲಿ: ಹೊರಗಿನ ಅಡ್ಡಳತೆ ಸುಮಾರು 21.3 ಮಿಲಿಮೀಟರ್, ಒಳಗಿನದು ಸುಮಾರು 16. ಅರ್ಧ ಇಂಚು ಒಳಗೂ ಇಲ್ಲ, ಹೊರಗೂ ಇಲ್ಲ. ಹಿಂದೆ ಕಬ್ಬಿಣದ ಪೈಪುಗಳ ಗೋಡೆ ದಪ್ಪವಿದ್ದ ಕಾಲದಲ್ಲಿ ಒಳಗಿನ ತೂತು ಹೆಚ್ಚುಕಡಿಮೆ ಅಷ್ಟೇ ಇರುತ್ತಿತ್ತಂತೆ; ಆಮೇಲೆ ಲೋಹ ಸುಧಾರಿಸಿ ಗೋಡೆ ತೆಳುವಾಯಿತು, ಆದರೆ ಹಳೆಯ ಮರೆಗಳೂ (ತಿರುಪಿನ ಸುತ್ತುಗಳೂ) ಜೋಡಣೆಗಳೂ ಹೊಂದಬೇಕೆಂದು ಹೊರಗಿನ ಅಳತೆಯನ್ನು ಹಾಗೆಯೇ ಉಳಿಸಿಕೊಂಡರು, ತೂತು ಹಿಗ್ಗಿತು, ಹೆಸರು ಮಾತ್ರ ಅಲ್ಲಿಯೇ ನಿಂತಿತು. ಇಷ್ಟನ್ನಾದರೂ ಇತಿಹಾಸವೆಂದು ಕ್ಷಮಿಸಬಹುದು. ಬಿಸಿನೀರಿಗೆಂದು ಬಂದ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು ತಾಮ್ರದ ಕೊಳವೆಯ ಅಳತೆಯನ್ನು ಅನುಸರಿಸುವುದರಿಂದ ಅದರ ಅರ್ಧ ಇಂಚಿನ ಹೊರ ಅಡ್ಡಳತೆ ಸುಮಾರು 15.9 ಮಿಲಿಮೀಟರ್, ತಣ್ಣೀರಿನ ಯುಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು ಕಬ್ಬಿಣದ ದಾರಿಯಲ್ಲೇ ನಡೆದು 21.3ಕ್ಕೆ ನಿಲ್ಲುತ್ತದೆ. ಹೀಗಾಗಿ ಒಂದೇ ಅಂಗಡಿಯ ಒಂದೇ ಕಪಾಟಿನಲ್ಲಿರುವ ಎರಡು ಅರ್ಧ ಇಂಚುಗಳು ಒಂದರೊಳಗೊಂದು ಹೊಂದುವುದಿಲ್ಲ, ಮತ್ತು ಇದರ ಬಗ್ಗೆ ಯಾರಿಗೂ ಲವಲೇಶ ನಾಚಿಕೆಯಿಲ್ಲ.

ಹಾರ್ಡ್‌ವೇರ್ ಅಂಗಡಿಯ ಹುಡುಗ, "ಸಿಪಿವಿಸಿಯೋ ಯುಪಿವಿಸಿಯೋ? ಎಂಟಿಎ ಕೊಡಲೋ ಎಫ್‌ಟಿಎ ಕೊಡಲೋ?" ಎಂದು ಕೇಳುತ್ತಾನೆ. ಮೊದಲನೆಯದು ಹೊರಮರೆಯ ಜೋಡಣೆ, ಎರಡನೆಯದು ಒಳಮರೆಯದು. ನಲ್ಲಿಯ ಹಿಂಬದಿಯ ಮರೆ ಹೊರಗಿರುವುದರಿಂದ ಪೈಪಿನ ತುದಿಗೆ ಒಳಮರೆಯ ಎಫ್‌ಟಿಎ ಬೇಕು ಎಂದು ಉತ್ತರ ಕೂಡಿಸಿಕೊಳ್ಳುವಷ್ಟರಲ್ಲಿ ಅವನು ನನ್ನ ಹಿಂದೆ ನಿಂತಿದ್ದ ಪ್ಲಂಬರಿಗೆ ಸಾಮಾನು ಕಟ್ಟಿಕೊಡಲು ತೊಡಗಿರುತ್ತಾನೆ. ಮೂರು ಚೀಲ ಸಾಮಾನು ಕೊಳ್ಳುವವನ ಮುಂದೆ ಒಂದು ಎಲ್ಬೋ ಕೇಳುವವನಿಗೆ ಏನು ಬೆಲೆ ಎಂಬುದನ್ನು ನಾನು ಬಲ್ಲೆ. ಆದರೂ ಸಾಲಿನಲ್ಲಿ ಮೊದಲು ಬಂದವನು ನಾನು.

ಇನ್ನು ಗೋಡೆ. ಮೊಬೈಲಿನ ವಿಡಿಯೋಗಳಲ್ಲಿ ಬಣ್ಣ ಬಳಿಯುವ ಯುವಕರಿಗೆ ಸಿಗುವ ಗೋಡೆಗಳೆಲ್ಲವೂ ಒಣಗಿರುತ್ತವೆ, ನೆಟ್ಟಗಿರುತ್ತವೆ. ಕರ್ನಾಟಕದ ಮಳೆ ಕಂಡ ಗೋಡೆ ಅವರಿಗೆ ಯಾರೂ ಕೊಟ್ಟಿಲ್ಲ. ಇಟ್ಟಿಗೆಯೊಳಗೆ ಹೊಕ್ಕ ನೀರು ಲವಣವನ್ನು ಕರಗಿಸಿಕೊಂಡು ಹೊರಬಂದು, ತಾನು ಆರಿಹೋಗಿ, ಲವಣವನ್ನು ಬಿಳಿಯ ಪುಡಿಯಾಗಿ ಬಿಟ್ಟು ಬಣ್ಣವನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಅದರ ಮೇಲೆ ಪುಟ್ಟಿ ಮೆತ್ತುವುದು ದುಡ್ಡು ದಂಡ. ಮೊದಲು ನೀರು ನಿಲ್ಲಬೇಕು, ಆಮೇಲೆ ಗೋಡೆ ಆರಬೇಕು. ಹಳೆಯ ಸುಣ್ಣದ ಪದರವನ್ನು ಕೆರೆಯದೆ ಎಮಲ್ಷನ್ ಹಚ್ಚಿದರೂ ಅದೇ ಗತಿ, ಏಕೆಂದರೆ ಬಣ್ಣ ಹಿಡಿದುಕೊಳ್ಳುವುದು ಗೋಡೆಯನ್ನಲ್ಲ, ಉದುರಲು ಸಿದ್ಧವಾಗಿರುವ ಪುಡಿಯನ್ನು. ಪ್ರತಿ ಹಬ್ಬಕ್ಕೂ ಸುಣ್ಣ ಬಳಿಯುತ್ತಿದ್ದ ಮನೆಗಳಲ್ಲಿ ಈ ತಾಪತ್ರಯ ಕಡಿಮೆ ಇತ್ತು. ತೇವ ಸುಣ್ಣದ ಮೂಲಕವೇ ಆರಿಹೋಗುತ್ತಿತ್ತು, ಉದುರಿದಷ್ಟಕ್ಕೆ ಮತ್ತೆ ಸುಣ್ಣ. ಹಾಗೆಂದು ಈಗ ಸುಣ್ಣದ ಗೋಡೆಗೆ ಬೆನ್ನು ತಾಗಿಸಿ ಅಂಗಿ ಬಿಳಿ ಮಾಡಿಕೊಳ್ಳಲು ಯಾರೂ ಸಿದ್ಧರಿಲ್ಲ, ನಾನೂ ಸಿದ್ಧನಿಲ್ಲ.

ನನ್ನ ಗೋಡೆಗೆ ಅರ್ಧ ಲೀಟರ್ ಬಣ್ಣ ಧಾರಾಳವಾಗಿ ಸಾಕು. ನನಗೆ ಬೇಕಾದ ಛಾಯೆ ಒಂದು ಲೀಟರಿಗಿಂತ ಚಿಕ್ಕ ಡಬ್ಬಿಯಲ್ಲಿ ಬರುವುದಿಲ್ಲ, ಯಂತ್ರದಲ್ಲಿ ಒಮ್ಮೆ ಕಲಸಿಕೊಟ್ಟ ಬಣ್ಣವನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ. ಉಳಿಯುವ ಅರ್ಧ ಲೀಟರನ್ನು ಹಾಳುಮಾಡುವುದೇಕೆ, ಹಿತ್ತಲ ಬಾಗಿಲ ಪಕ್ಕದ ಗೋಡೆಗೂ ಬಳಿದುಬಿಡಿ ಎಂದು ಮನೆಯವರು ಸೂಚಿಸಿದ್ದಾರೆ. ಟೇಪು ಹಿಡಿದು ಅಳೆದಿದ್ದೇನೆ. ಆ ಗೋಡೆಗೆ ಒಂದೂವರೆ ಲೀಟರ್ ಬೇಕು.