ಸಣ್ಣ ಬಂದರಿನಲ್ಲಿ ಒಂಬತ್ತು ಗಂಟೆ ಅಂದರೆ ಐದೇ ಗಂಟೆ

ಕ್ರೂಸ್‌ಗೆ ಹೊರಟವರ ಕೈಯಲ್ಲಿ ಯಾವ ಊರಲ್ಲಿ ಏನೇನು ನೋಡಬೇಕು ಅನ್ನುವ ಉದ್ದದ ಪಟ್ಟಿ ಇರುತ್ತದೆ. ಹಡಗಿನಿಂದ ಇಳಿಯುವುದು ಹೇಗೆ, ಎಷ್ಟು ಹೊತ್ತಿಗೆ ವಾಪಸ್ ಬರಬೇಕು ಅನ್ನುವುದನ್ನು ಮಾತ್ರ ಅಲ್ಲಿಗೆ ಹೋದಮೇಲೆ ನೋಡಿಕೊಳ್ಳೋಣ ಅಂತ ಬಿಟ್ಟಿರುತ್ತಾರೆ. ದೊಡ್ಡ ಬಂದರಿನಲ್ಲಿ ಇದು ಹೇಗೋ ನಡೆದುಹೋಗುತ್ತದೆ. ಸಣ್ಣದರಲ್ಲಿ ನಡೆಯುವುದಿಲ್ಲ.

ಮೊದಲು ನೋಡಬೇಕಾದ್ದು, ವೇಳಾಪಟ್ಟಿಯಲ್ಲಿ ಆ ಊರಿನ ಎದುರು ‘ಟೆಂಡರ್’ ಅಂತ ಇದೆಯೇ ಎಂದು. ಇದ್ದರೆ, ಅಲ್ಲಿ ಆಳ ಸಾಲದು ಅಥವಾ ಅಷ್ಟುದ್ದದ ಜೆಟ್ಟಿ ಇಲ್ಲ. ಹಡಗು ದೂರದಲ್ಲೇ ಲಂಗರು ಹಾಕಿ ನಿಮ್ಮನ್ನು ದೋಣಿಯಲ್ಲಿ ದಡಕ್ಕೆ ಕಳಿಸುತ್ತದೆ. ಈ ಟೆಂಡರ್‌ಗಳು ಸಾಮಾನ್ಯವಾಗಿ ಹಡಗಿನ ಪಕ್ಕದಲ್ಲಿ ನೇತಾಡುವ ಲೈಫ್‌ಬೋಟ್‌ಗಳೇ.

ಈಗ ಲೆಕ್ಕ ಹಾಕಿ. ದೋಣಿಯೊಂದಕ್ಕೆ ನೂರು ಜನ, ನಾಲ್ಕು ದೋಣಿ, ಹತ್ತಿಸಿ ಇಳಿಸಿ ತಿರುಗಿ ಬರಲು 40 ನಿಮಿಷ ಅಂದುಕೊಳ್ಳೋಣ. ಗಂಟೆಗೆ 600 ಜನ. ಹಡಗಿನಲ್ಲಿ 2,000 ಜನರಿದ್ದರೆ ಎಲ್ಲರೂ ದಡ ಮುಟ್ಟಲು ಮೂರು ಗಂಟೆಗೂ ಹೆಚ್ಚು ಬೇಕು. ‘ಬೆಳಿಗ್ಗೆ 8ರಿಂದ ಸಂಜೆ 5’ ಅಂತ ಅಚ್ಚಾಗಿದ್ದರೂ, 8ಕ್ಕೆ ಯಾರೂ ಇಳಿಯುವುದಿಲ್ಲ. ಬಂದರಿನ ಅಧಿಕಾರಿಗಳು ಅನುಮತಿ ಕೊಟ್ಟ ಮೇಲಷ್ಟೇ ಮೊದಲ ದೋಣಿ. ಅದರಲ್ಲೂ ಊರು ತೋರಿಸಲು ಹಡಗಿನವರೇ ಏರ್ಪಡಿಸುವ ಪ್ರವಾಸಕ್ಕೆ ಬೇರೆಯಾಗಿ ದುಡ್ಡು ಕೊಟ್ಟವರಿಗೆ ಮೊದಲ ಸಾಲು. ಉಳಿದವರು ನಂಬರ್ ಚೀಟಿ ಹಿಡಿದು ಕಾಯಬೇಕು. ನೀವು ನೆಲಕ್ಕೆ ಕಾಲಿಡುವಾಗ 9:45 ಆಗಿರುತ್ತದೆ. ಕೊನೆಯ ಟೆಂಡರ್ 4ಕ್ಕೆ ಇದ್ದರೆ ಕ್ಯೂ ಶುರುವಾಗುವುದು 3ಕ್ಕೇ. ಉಳಿದದ್ದು ಐದು ಗಂಟೆ, ಚೂರುಪಾರು ಹೆಚ್ಚು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ನೋಡಬೇಕಾದ ಜಾಗ ನಡೆದು ಹೋಗುವಷ್ಟು ಹತ್ತಿರವಿದ್ದರೆ ಹಡಗಿನವರ ಪ್ರವಾಸಕ್ಕೆ ದುಡ್ಡು ಸುರಿಯುವುದು ದಂಡ. ಗಂಟೆಗಟ್ಟಲೆ ರಸ್ತೆ ಪ್ರಯಾಣವಿದ್ದು, ಆ ರಸ್ತೆಯೂ ಒಂದೇ ಆಗಿದ್ದರೆ ಹಡಗಿನವರ ಪ್ರವಾಸವನ್ನೇ ತೆಗೆದುಕೊಳ್ಳಿ. ಬಸ್ಸು ತಡವಾದರೆ ಹಡಗು ಕಾಯುವುದು, ಕಾಯಲಾಗದಿದ್ದರೆ ಮುಂದಿನ ಊರಿಗೆ ತಲುಪಿಸುವುದು ಅವರ ಹೊಣೆ. ನೀವೇ ಹಿಡಿದ ಟ್ಯಾಕ್ಸಿಗೆ ಆ ರಕ್ಷಣೆ ಇಲ್ಲ.

ಇನ್ನು ಅಲೆ. ಬಿಸಿಲು ಚೆನ್ನಾಗಿದೆಯಲ್ಲ, ಯಾಕೆ ಇಳಿಸುತ್ತಿಲ್ಲ ಅಂತ ಜನ ರೇಗುವುದುಂಟು. ಬಿಸಿಲಿಗೂ ಇದಕ್ಕೂ ಸಂಬಂಧವಿಲ್ಲ. ದೂರದ ಬಿರುಗಾಳಿ ಎಬ್ಬಿಸಿದ ಉದ್ದಲೆಗಳು ಬಂದಾಗ ಹಡಗು ಅಷ್ಟಾಗಿ ಅಲುಗದೆ ನಿಂತಿರುತ್ತದೆ, ಪಕ್ಕದ ದೋಣಿ ಮಾತ್ರ ಏರಿಳಿಯುತ್ತದೆ. ಕಾಲಿಡುವ ಗಳಿಗೆಯಲ್ಲಿ ಅದು ಮೊಣಕಾಲೆತ್ತರ ಜಾರಿದರೂ ಮೂಳೆ ಮುರಿದಂತೆಯೇ. ಕ್ಯಾಪ್ಟನ್ ಬೇಡವೆಂದರೆ ವಾದಕ್ಕೆ ಅರ್ಥವಿಲ್ಲ. ದಡದ ಟ್ಯಾಕ್ಸಿಯನ್ನೋ ಪ್ರವಾಸವನ್ನೋ ನೀವೇ ಮುಂಗಡ ಕೊಟ್ಟು ಬುಕ್ ಮಾಡುವಾಗಲೇ ‘ಹಡಗು ಬಾರದಿದ್ದರೆ ಹಣ ವಾಪಸ್’ ಅನ್ನುವ ಷರತ್ತು ಇದೆಯೇ ನೋಡಿಕೊಳ್ಳಿ. ಗಾಲಿಕುರ್ಚಿ ಬಳಸುವವರು ಮುಂಚೆಯೇ ಕೇಳಬೇಕು: ಬ್ಯಾಟರಿ ಕುರ್ಚಿಯನ್ನು ಅನೇಕ ಹಡಗುಗಳು ಟೆಂಡರ್‌ಗೆ ಹತ್ತಿಸುವುದಿಲ್ಲ. ಜೆಟ್ಟಿಗೇ ಕಟ್ಟಿದ ಹಡಗಿನಲ್ಲೂ ಉಬ್ಬರ ಇಳಿತಕ್ಕೆ ತಕ್ಕಂತೆ ಗ್ಯಾಂಗ್‌ವೇ, ಅಂದರೆ ಹತ್ತಿಳಿಯುವ ಕಿರುಸೇತುವೆ, ಕಡಿದಾಗುತ್ತದೆ. ಬೆಳಿಗ್ಗೆ ಸಲೀಸಾಗಿ ಇಳಿದವರು ಸಂಜೆ ಹತ್ತಲು ಒದ್ದಾಡಬಹುದು.

ಸಮಯದ ಗೊಂದಲದಲ್ಲಿ ಹಡಗು ತಪ್ಪಿಸಿಕೊಳ್ಳುವವರೂ ಇದ್ದಾರೆ. ಹಡಗಿನ ಗಡಿಯಾರ ಊರಿನ ಗಡಿಯಾರಕ್ಕೆ ಹೊಂದಲೇಬೇಕೆಂದಿಲ್ಲ, ಫೋನು ಎದುರು ದಡದ ದೇಶದ ಟವರ್ ಹಿಡಿದು ತಾನಾಗಿ ಒಂದು ಗಂಟೆ ಬದಲಿಸಿಕೊಳ್ಳುವುದೂ ಇದೆ. ಫೋನಿನ ಆಟೋಮ್ಯಾಟಿಕ್ ಸಮಯ ಆಫ್ ಮಾಡಿ, ಹಡಗಿನ ಸಮಯ ಇಟ್ಟ ಕೈಗಡಿಯಾರ ಕಟ್ಟಿಕೊಳ್ಳಿ. ಸಮುದ್ರದಲ್ಲಿರುವಷ್ಟೂ ಹೊತ್ತು ಏರೋಪ್ಲೇನ್ ಮೋಡ್ ಇರಲಿ. ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್‌ಗೆ ಮಾಮೂಲಿ ರೋಮಿಂಗ್ ಪ್ಯಾಕ್ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಬಿಲ್ಲು ನೋಡಿದರೆ ತಲೆ ತಿರುಗುತ್ತದೆ.

ಚೀಲದಲ್ಲಿ ಹಡಗಿನ ಕಾರ್ಡು, ಫೋಟೋ ಇರುವ ಗುರುತಿನ ಚೀಟಿ, ಪಾಸ್‌ಪೋರ್ಟ್ ನಕಲು, ದಿನನಿತ್ಯದ ಮಾತ್ರೆಯ ಒಂದು ದಿನದ ಹೆಚ್ಚುವರಿ ಡೋಸ್, ನೀರು, ಆ ದೇಶದ ಸಣ್ಣ ನೋಟುಗಳು. ಒಂದೇ ಎಟಿಎಂ ಇರುವ ಊರಿಗೆ ಸಾವಿರಾರು ಜನ ಒಮ್ಮೆಲೇ ಇಳಿದರೆ ಅದು ಮಧ್ಯಾಹ್ನಕ್ಕೇ ಖಾಲಿಯಾಗಬಹುದು. ಹಡಗಿನ ಬಫೆಯಿಂದ ಹಣ್ಣು ತರಬೇಡಿ, ಕೆಲವು ದೇಶಗಳಲ್ಲಿ ದಂಡ ಬೀಳುತ್ತದೆ.

ಆ ದಿನದ ಕಾರ್ಯಕ್ರಮದ ಹಾಳೆಯಲ್ಲಿ ಪೋರ್ಟ್ ಏಜೆಂಟ್‌ರ (ಆ ಬಂದರಿನಲ್ಲಿ ಹಡಗು ಕಂಪನಿಯ ಪರ ಕೆಲಸ ನೋಡಿಕೊಳ್ಳುವವರ) ಹೆಸರು, ಫೋನ್ ನಂಬರ್ ಇರುತ್ತದೆ. ಇಳಿಯುವ ಮುಂಚೆ ಫೋಟೋ ತೆಗೆದುಕೊಳ್ಳಿ. ಹಡಗು ತಪ್ಪಿದರೆ ಮೊದಲು ಹುಡುಕಬೇಕಾದವರು ಅವರೇ. ಎಷ್ಟೋ ಸಲ ಹಡಗಿನವರು ನಿಮ್ಮ ಕ್ಯಾಬಿನ್ನಿನ ಲಾಕರ್ ತೆರೆದು ಪಾಸ್‌ಪೋರ್ಟನ್ನು ಅವರ ಕೈಗೆ ಕೊಟ್ಟು ಹೋಗಿರುತ್ತಾರೆ. ಹಡಗಿನವರ ಪ್ರವಾಸದಲ್ಲಿ ತಡವಾದದ್ದಲ್ಲದಿದ್ದರೆ, ಮುಂದಿನ ಬಂದರಿಗೆ ಹೋಗುವ ಖರ್ಚು ನಿಮ್ಮದೇ. ಟಿಕೆಟ್ ತೆಗೆಯುವ ಮೊದಲು, ಆ ಬಂದರಿರುವ ದೇಶಕ್ಕೆ ವಿಮಾನದಲ್ಲಿ ಹೋಗಿ ಇಳಿಯಲು ನಿಮ್ಮ ಪಾಸ್‌ಪೋರ್ಟಿಗೆ ವೀಸಾ ಬೇಕೇ ಅಂತ ಏಜೆಂಟರನ್ನೇ ಕೇಳಿ. ಕ್ರೂಸ್ ಪ್ರಯಾಣಿಕರಿಗೆಂದು ಕೊಟ್ಟ ಸಡಿಲಿಕೆ ವಿಮಾನದಲ್ಲಿ ಬಂದವರಿಗೆ ಸಿಗದೇ ಹೋಗಬಹುದು.