ಪುಣ್ಯಕ್ಕೂ ಮಾರ್ಚ್ 31

ಮಾರ್ಚ್ 31 ಅಂದರೆ ನಮ್ಮೂರಿನ ಸರ್ಕಾರಿ ಕಚೇರಿಗಳಲ್ಲಿ ಉಳಿದ ಅನುದಾನಕ್ಕೆ ಬಿಲ್ಲು ಹುಡುಕುವ ರಾತ್ರಿ. ಇಲ್ಲಿ ಅಮೆರಿಕದ ಮಿನೆಸೋಟದಲ್ಲಿ ನನ್ನ ಪಕ್ಕದ ಮನೆ ಅಜ್ಜನಿಗೂ ಅದೇ ದಿನ ಕಂಡರೆ ಎದೆ ಢವಢವ. ಅವತ್ತು ರಾತ್ರಿ ಅವರ ಪುಣ್ಯ ಎಕ್ಸ್‌ಪೈರ್ ಆಗುತ್ತದೆ.

ಈ ವರ್ಷವೂ ಬಂದರು. ರಾತ್ರಿ ಒಂಬತ್ತು ಗಂಟೆ, ಹೊರಗೆ ಇನ್ನೂ ಹಿಮ, ಕೈಯಲ್ಲಿ ಲ್ಯಾಪ್‌ಟಾಪು. "ನಿನ್ನ ಮಗಳಿಗೆ ಸ್ವಲ್ಪ ಹೇಳಪ್ಪ, ಪಾಸ್‌ವರ್ಡ್ ಮರೆತುಹೋಗಿದೆ. ನನ್ನ ಡಾಲರ್ ಸತ್ತುಹೋಗತ್ತೆ." ಮಗಳು ಹೋಂವರ್ಕ್ ಬಿಟ್ಟು ಪಾಸ್‌ವರ್ಡ್ ಬದಲಾಯಿಸಿದಳು. ಅಜ್ಜ ಕನ್ನಡಕ ಏರಿಸಿಕೊಂಡು ಪಟ್ಟಿಯಲ್ಲಿ ತಮ್ಮ ಚರ್ಚು ಹುಡುಕಿ ಕ್ಲಿಕ್ ಮಾಡಿದರು. ನಲವತ್ತು ಚಿಲ್ಲರೆ ಡಾಲರ್ ಬದುಕಿಕೊಂಡಿತು. ನಾವೆಲ್ಲ ಕಾಫಿ ಕುಡಿದೆವು.

ಅಜ್ಜನ ಈ ಡಾಲರಿನ ಹಿಂದಿರುವುದು ಥ್ರೈವೆಂಟ್. ಅದರ ಕಥೆ ಇಲ್ಲಿನವರಿಗೆಲ್ಲ ಗೊತ್ತಿರುವುದೇ. ಮಿನಿಯಾಪೊಲಿಸ್‌ನಲ್ಲಿ ಮುಖ್ಯ ಕಚೇರಿ. ಲುಥೆರನ್ನರ, ಅಂದರೆ ಮಾರ್ಟಿನ್ ಲೂಥರನ ದಾರಿ ಹಿಡಿದ ಕ್ರೈಸ್ತರ, ಸಂಘ ಅಂದರೆ ಸಂಘ, ಕಂಪನಿ ಅಂದರೆ ಕಂಪನಿ. ಜೀವವಿಮೆ ಮಾರುತ್ತದೆ, ನಿವೃತ್ತಿ ಪಾಲಿಸಿ ಮಾರುತ್ತದೆ, ಮ್ಯೂಚುವಲ್ ಫಂಡ್ ಮಾರುತ್ತದೆ. ಆದರೆ ಪಾಲಿಸಿ ಕೊಂಡವನಿಗೆ ಗಿರಾಕಿ ಅನ್ನುವ ಹಾಗಿಲ್ಲ, ಅವನು ಸದಸ್ಯ. ಅಂಥ ಸದಸ್ಯರು ಇಪ್ಪತ್ತು ಲಕ್ಷಕ್ಕೂ ಜಾಸ್ತಿ. ಫಾರ್ಚೂನ್ 500 ಪಟ್ಟಿಯಲ್ಲಿ ಹೆಸರಿದೆ. ನಮ್ಮ ಬೀದಿಯ ಗಣಪತಿ ಸಂಘದವರು ಕೇಳಿದರೆ ಹೊಟ್ಟೆ ಉರಿದುಕೊಂಡಾರು.

ಈ ಸಂಘ ಅರ್ಹ ಸದಸ್ಯರಿಗೆ ವರ್ಷವರ್ಷ 'ಚಾಯ್ಸ್ ಡಾಲರ್' ಅಂತ ಕೊಡುತ್ತದೆ. ಹೆಸರಿಗೆ ಡಾಲರು, ಜೇಬಿಗೆ ಬರುವುದಿಲ್ಲ. ಯಾವ ಚರ್ಚಿಗೆ, ಯಾವ ಸೇವಾ ಸಂಸ್ಥೆಗೆ ಹೋಗಲಿ ಅಂತ ಬೆರಳು ತೋರಿಸಬಹುದು ಅಷ್ಟೆ. ಮುಂದಿನ ಮಾರ್ಚ್ 31ರೊಳಗೆ ತೋರಿಸದಿದ್ದರೆ ಆ ಹಕ್ಕು ಹೋಯಿತು. ಈಗ ನನ್ನದೊಂದು ಧರ್ಮಸೂಕ್ಷ್ಮದ ಪ್ರಶ್ನೆ. ದುಡ್ಡು ಕಂಪನಿಯದ್ದು. ಬೆರಳು ಅಜ್ಜನದ್ದು. ಪಾಸ್‌ವರ್ಡ್ ಮಗಳದ್ದು. ಕಾಫಿ ನನ್ನದು. ಪುಣ್ಯ ಯಾರ ಖಾತೆಗೆ? ನಮ್ಮ ಕಡೆಯ ಪುರೋಹಿತರಾಗಿದ್ದರೆ ಸಂಕಲ್ಪದಲ್ಲೇ ಎಲ್ಲರ ಗೋತ್ರ ಹೇಳಿಸಿ ಮುಗಿಸುತ್ತಿದ್ದರು.

ಪಾಪ, ಮಾರ್ಟಿನ್ ಲೂಥರ್. 1517ರಲ್ಲಿ ಆ ಮನುಷ್ಯ ವಿಟೆನ್‌ಬರ್ಗ್‌ನಲ್ಲಿ 95 ವಾದಗಳನ್ನು ಬರೆದು ಜಗಳ ತೆಗೆದದ್ದು ಯಾತಕ್ಕೆ? ಪಾಪಕ್ಕೆ ರಸೀತಿ ಮಾರುತ್ತಿದ್ದರು ಅಂತ. ದುಡ್ಡು ಕೊಟ್ಟರೆ ಸತ್ತ ನಿಮ್ಮ ಅಜ್ಜಿಗೂ ಅಲ್ಲಿ ಶಿಕ್ಷೆ ಕಡಿಮೆ. ಟೆಟ್ಸೆಲ್ ಎಂಬ ಪಾದ್ರಿ ಊರೂರು ತಿರುಗಿ ಇದನ್ನು ಮಾರುತ್ತಿದ್ದ. ಇವತ್ತಾಗಿದ್ದರೆ ಅವನನ್ನು ಸೀನಿಯರ್ ಡೆವಲಪ್‌ಮೆಂಟ್ ಆಫೀಸರ್ ಅನ್ನುತ್ತಿದ್ದರು. ಇನ್ನೂ ಚೆಂದದ ಸಂಗತಿ ಅಂದರೆ ಬಂದ ದುಡ್ಡಿನಲ್ಲಿ ಅರ್ಧ ರೋಮಿನ ಸಂತ ಪೀಟರ್ ಚರ್ಚು ಕಟ್ಟುವುದಕ್ಕೆ, ಇನ್ನರ್ಧ ಫುಗ್ಗರ್ ಬ್ಯಾಂಕಿನ ಸಾಲಕ್ಕೆ. ಆಲ್ಬ್ರೆಕ್ಟ್ ಎಂಬ ದೊರೆಮಗ ಆರ್ಚ್‌ಬಿಷಪ್ ಪಟ್ಟ ಗಿಟ್ಟಿಸಲು ಸಾಲ ಮಾಡಿದ್ದ. ಭಕ್ತರು ಅಜ್ಜಿಯನ್ನು ಬಿಡಿಸಿಕೊಳ್ಳುತ್ತಿದ್ದೇವೆ ಅಂದುಕೊಂಡು ಇವನ ಕಂತು ಕಟ್ಟುತ್ತಿದ್ದರು. 43ನೇ ವಾದದಲ್ಲಿ ಲೂಥರ್ ಹೇಳುವುದು ತೀರಾ ಸಾದಾ ಮಾತು: ಆ ಚೀಟಿ ಕೊಳ್ಳುವುದಕ್ಕಿಂತ ಬಡವನ ಕೈಗೆ ಕೊಡುವುದು ಮೇಲು.

ಕೈಗೆ ಕೊಡುವುದು. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಲುಥೆರನ್ನರು ವಿಮೆಗೆ ಸುಲಭವಾಗಿ ಒಪ್ಪಿದವರೂ ಅಲ್ಲ. ವಿಸ್ಕಾನ್ಸಿನ್‌ನ ಆಪಲ್‌ಟನ್‌ನಲ್ಲಿ 1902ರಲ್ಲಿ ಒಂದು ಸಹಾಯ ಸಂಘ ಶುರುವಾಯಿತು, 1917ರಲ್ಲಿ ಮಿನೆಸೋಟದಲ್ಲಿ ಇನ್ನೊಂದು. ಇವೆರಡೂ 2002ರಲ್ಲಿ ಒಂದಾಗಿ ಥ್ರೈವೆಂಟ್ ಆದದ್ದು. ಶುರುವಿನಲ್ಲಿ ಪಾದ್ರಿಗಳಲ್ಲೇ ಕೆಲವರು ಮುಖ ಸಿಂಡರಿಸಿದ್ದರು. ದೇವರು ಇದ್ದಾನಲ್ಲ, ಅವನ ಮೇಲೆ ನಂಬಿಕೆ ಇಲ್ಲದವನು ತಾನೇ ವಿಮೆ ಮಾಡಿಸುವುದು?

ಈ ವಿಷಯದಲ್ಲಿ ನಾವು ಬುದ್ಧಿವಂತರು. ನಮ್ಮ ಎಲ್‌ಐಸಿಯವರು ದೇವರ ಜೊತೆ ಜಗಳಕ್ಕೇ ಹೋಗಲಿಲ್ಲ, ಅವನನ್ನೇ ಏಜೆಂಟ್ ಮಾಡಿಕೊಂಡರು. 'ಯೋಗಕ್ಷೇಮಂ ವಹಾಮ್ಯಹಂ' ಅಂತ ಗೀತೆಯಲ್ಲಿ ಕೃಷ್ಣ ಹೇಳಿದ್ದನ್ನು ಎತ್ತಿ ಲಾಂಛನದ ಕೆಳಗೆ ಹಾಕಿಬಿಟ್ಟರು. ನಮ್ಮ ಮನೆಗೆ ಬರುತ್ತಿದ್ದ ಏಜೆಂಟ್ ಮಾವ ಹೊಸ ವರ್ಷಕ್ಕೆ ಒಂದು ಡೈರಿ, ಒಂದು ಕ್ಯಾಲೆಂಡರ್ ಕೊಟ್ಟು, ಎರಡು ಕೋಡುಬಳೆ ತಿಂದು, ಅಪ್ಪ ಸತ್ತರೆ ಎಷ್ಟು ಬರುತ್ತದೆ ಅಂತ ಅಪ್ಪನ ಎದುರೇ ಅಮ್ಮನಿಗೆ ವಿವರಿಸಿ ಹೋಗುತ್ತಿದ್ದರು. ಸೇವೆ ಗೀವೆ ಅಂತ ಒಂದು ದಿನವೂ ಅನ್ನಲಿಲ್ಲ. ಪ್ರೀಮಿಯಂ ಅಂದರು, ಕಟ್ಟಿದೆವು. ಅವರ ಮೇಲೆ ನನಗೆ ಈಗಲೂ ಗೌರವ ಇದೆ.

ಇಲ್ಲಿ ಹಾಗೆ ನಡೆಯುವುದಿಲ್ಲ. ಅಮೆರಿಕದ ತೆರಿಗೆ ಕಾನೂನಿನಲ್ಲಿ 501(ಸಿ)(8) ಅಂತ ಒಂದು ಕಲಮಿದೆ. ಭ್ರಾತೃ ಸಂಘಗಳು ಸದಸ್ಯರಿಗೆ ವಿಮೆ ಕೊಟ್ಟರೆ ಆದಾಯ ತೆರಿಗೆ ಮಾಫಿ. ಒಂದು ಷರತ್ತು: ಸಂಘ 'ಲಾಡ್ಜ್' ಪದ್ಧತಿಯಲ್ಲಿ ನಡೆಯಬೇಕು. ಇದನ್ನು ಮೊದಲ ಸಲ ಓದಿದಾಗ ನನಗೆ ಮೆಜೆಸ್ಟಿಕ್ ನೆನಪಾಯಿತು. ಬಸ್ ಸ್ಟ್ಯಾಂಡ್ ಎದುರು ಮೂರನೇ ಮಹಡಿ, ಬಕೆಟ್ಟಿನಲ್ಲಿ ಬಿಸಿನೀರು, ಬೆಳಿಗ್ಗೆ ಆರರಿಂದ ಎಂಟರವರೆಗೆ ಮಾತ್ರ. ಆ ಲಾಡ್ಜ್ ಅಲ್ಲವಂತೆ. ಊರೂರಿಗೆ ಶಾಖೆ ಇರಬೇಕು, ಸದಸ್ಯರು ಸೇರಬೇಕು, ಅಣ್ಣತಮ್ಮಂದಿರ ಹಾಗೆ ಒಳ್ಳೆಯ ಕೆಲಸ ಮಾಡುತ್ತಿರಬೇಕು. ಅಣ್ಣತಮ್ಮಂದಿರು ಅಂದರೆ ಕೋರ್ಟು, ಪಾಲುಪಟ್ಟಿ, ಬಾವಿಯ ಜಗಳ ಅಂತ ತಿಳಿದು ಬೆಳೆದವರು ನಾವು. ಇಲ್ಲಿ ಅಣ್ಣತಮ್ಮಂದಿರಾದರೆ ತೆರಿಗೆ ಉಳಿಯುತ್ತದೆ.

ಆ ಅಣ್ಣತಮ್ಮಂದಿರು ಯಾರು ಅನ್ನುವುದೂ ಕಾಲಕ್ಕೆ ತಕ್ಕಂತೆ. ಮೊದಲು ಲುಥೆರನ್ನರು ಮಾತ್ರ. 2013ರಲ್ಲಿ ಸದಸ್ಯರೇ ಮತ ಹಾಕಿ ಬಾಗಿಲನ್ನು ಎಲ್ಲ ಕ್ರೈಸ್ತರಿಗೂ ತೆಗೆದರು. ಹೆಸರಿನ ಕೊನೆಗಿದ್ದ 'ಫಾರ್ ಲುಥೆರನ್ಸ್' ಬಾಲವೂ ಉದುರಿತು. ಚರ್ಚಿನ ಬೆಂಚುಗಳಲ್ಲಿ ಜನ ಕಡಿಮೆಯಾದಾಗ ದೈವಶಾಸ್ತ್ರ ತಾನಾಗಿಯೇ ಅಗಲವಾಗುತ್ತದೆ. 2014ರಲ್ಲಿ ಇನ್ನೊಂದು ರಗಳೆ. ಗರ್ಭಪಾತ, ಸಲಿಂಗಿಗಳ ಹಕ್ಕು, ಇವುಗಳಲ್ಲಿ ಯಾವ ಕಡೆ ನಿಂತ ಸಂಸ್ಥೆಗೂ ದುಡ್ಡಿಲ್ಲ, ನಾವು ತಟಸ್ಥರು ಅಂತ ಸಂಘ ಹೇಳಿತು. ಎರಡೂ ಕಡೆಯವರಿಗೆ ಸಿಟ್ಟು ಬಂತು. ಐನೂರು ವರ್ಷದಲ್ಲಿ ಲುಥೆರನ್ನರೆಲ್ಲ ಒಟ್ಟಿಗೆ ಸಿಟ್ಟಾದ ಅಪರೂಪದ ಗಳಿಗೆ ಅದು.

ಇರಲಿ. ನಾನು ಬರೆಯಲು ಕೂತದ್ದು ಟೀ ಶರ್ಟಿನ ಬಗ್ಗೆ.

ಸದಸ್ಯನಾದವನು 'ಆಕ್ಷನ್ ಟೀಮ್' ಕಟ್ಟಬಹುದು. ಅರ್ಜಿ ಹಾಕಿದರೆ 250 ಡಾಲರಿನ ಒಂದು ಕಾರ್ಡು ಬರುತ್ತದೆ, ಬೀಜದ ದುಡ್ಡು. ಜೊತೆಗೆ ಒಂದು ಡಬ್ಬ. ಅದರಲ್ಲಿ ಬ್ಯಾನರ್, ಧನ್ಯವಾದದ ಕಾರ್ಡುಗಳು, ಮತ್ತೆ 'ಲಿವ್ ಜೆನರಸ್ಲಿ' ಅಂತ ಬರೆದ ಟೀ ಶರ್ಟುಗಳು. ಕೈ ಬಿಚ್ಚಿ ಬದುಕಿ ಅಂತ ಅರ್ಥ. ರಸ್ತೆ ಬದಿ ಕಸ ಹೆಕ್ಕುವುದಿರಲಿ, ಶಾಲೆಗೆ ಬಣ್ಣ ಬಳಿಯುವುದಿರಲಿ, ಮೊದಲು ಟೀ ಶರ್ಟು. ನನ್ನ ಕಪಾಟಿನಲ್ಲೇ ನಾಲ್ಕಿವೆ. ಹಿಂದೂ ಆದ ನಾನು ಯಾವ ಪಾಲಿಸಿಯನ್ನೂ ಕೊಂಡವನಲ್ಲ. ಅಜ್ಜ ಕರೆದಾಗ ಹೋಗುತ್ತೇನೆ, ಅಷ್ಟೆ. ಒಂದು ಸಲ ಹಸಿದ ಮಕ್ಕಳಿಗೆ ಊಟದ ಪೊಟ್ಟಣ ಕಟ್ಟುವುದಕ್ಕೆ ಕರೆದುಕೊಂಡು ಹೋದರು. ತಲೆಗೆ ಬಲೆ, ಕೈಗೆ ಗ್ಲೌಸು, ಎದುರಿಗೆ ಅಕ್ಕಿ, ಸೋಯಾ, ಒಣಗಿಸಿದ ತರಕಾರಿ, ವಿಟಮಿನ್ ಪುಡಿ. ಒಟ್ಟಿನಲ್ಲಿ ತೊಗರಿಬೇಳೆಯ ಬೆಲೆ ಕೇಳಿ ಹೆದರಿದವರು ಮಾಡಿದ ಬಿಸಿಬೇಳೆಬಾತ್. ದಿನಕ್ಕೆ ಲಕ್ಷ ರೂಪಾಯಿ ದುಡಿಯುವ ಡಾಕ್ಟರು ನನ್ನ ಪಕ್ಕದಲ್ಲಿ ನಿಂತು ಚಮಚದಲ್ಲಿ ಅಕ್ಕಿ ಅಳೆಯುತ್ತಿದ್ದರು. ಖುಷಿಯಾಗಿದ್ದರು, ಸುಳ್ಳು ಯಾಕೆ ಹೇಳಲಿ. ನಾನೂ ಖುಷಿಯಾಗಿದ್ದೆ.

ನಕ್ಕರೆ ನಮ್ಮನ್ನೇ ನೋಡಿ ನಗಬೇಕು. ಊರಿನ ಪೇಪರಿನಲ್ಲಿ ಐದನೇ ಪುಟದ ಫೋಟೋ ನೆನಪಿದೆಯಾ? 'ಹುಟ್ಟುಹಬ್ಬದ ಅಂಗವಾಗಿ ರೋಗಿಗಳಿಗೆ ಹಣ್ಣು ಹಂಪಲು ವಿತರಣೆ.' ಒಂದು ಬಾಳೆಹಣ್ಣು, ಹನ್ನೊಂದು ಕೈ. ಹಾಸಿಗೆ ಮೇಲಿನ ಮುದುಕನಿಗೆ ಹಣ್ಣು ಸಿಗುವುದಕ್ಕಿಂತ ಮೊದಲು ಕ್ಯಾಮೆರಾ ನೋಡಬೇಕಾದ ಕಷ್ಟ. ಅಲ್ಲಿ ಶಾಲು, ಇಲ್ಲಿ ಟೀ ಶರ್ಟು. ಇಲ್ಲಿಯವರು ಒಂದು ಹೆಜ್ಜೆ ಮುಂದೆ ಹೋಗಿ ಗಂಟೆ ಲೆಕ್ಕವನ್ನೂ ಬರೆದಿಡುತ್ತಾರೆ. ಇಂಡಿಪೆಂಡೆಂಟ್ ಸೆಕ್ಟರ್ ಅನ್ನುವ ಸಂಸ್ಥೆ ವರ್ಷಕ್ಕೊಮ್ಮೆ ಸ್ವಯಂಸೇವೆಯ ಒಂದು ಗಂಟೆಗೆ ಬೆಲೆ ಕಟ್ಟುತ್ತದೆ. 2023ಕ್ಕೆ 33 ಡಾಲರ್ 49 ಸೆಂಟ್. ಈ ರೇಟು ನಾನು ಮನೆಯಲ್ಲಿ ಹೇಳಿಲ್ಲ. ನೀವೂ ಹೇಳಬೇಡಿ. ಇಪ್ಪತ್ತು ವರ್ಷದ ಚಪಾತಿಯ ಬಾಕಿ ಬರುತ್ತದೆ.

ಇನ್ನು ಬೀಜದ ದುಡ್ಡಿನ ನಿಯಮ. ಆ 250 ಡಾಲರನ್ನು ಕಷ್ಟದಲ್ಲಿದ್ದವರಿಗೆ ನೇರವಾಗಿ ದಾನ ಕೊಡುವ ಹಾಗಿಲ್ಲ. ಪೋಸ್ಟರ್ ಅಂಟಿಸಬಹುದು, ಪೇಪರ್ ತಟ್ಟೆ ತರಬಹುದು, ಸ್ಪೆಗೆಟಿ ಕೊಳ್ಳಬಹುದು. ಆ ಸ್ಪೆಗೆಟಿಯನ್ನು ಬೇಯಿಸಿ, ಊರಿಗೆಲ್ಲ ಬಡಿಸಿ, ಊರಿನವರು ಕೊಟ್ಟದ್ದನ್ನು ಕೊಡಬಹುದು. ಬೀಜ ಅಂದಮೇಲೆ ಬಿತ್ತಬೇಕು, ಹುರಿದು ತಿನ್ನಬಾರದು. ತರ್ಕ ಸರಿಯಾಗಿಯೇ ಇದೆ. ಲೂಥರ್ ಹೇಳಿದ್ದ ಆ ಸಾದಾ ದಾರಿ ಮಾತ್ರ ಬಂದ್.

ಸ್ಪೆಗೆಟಿ ಊಟಕ್ಕೆ ಇಲ್ಲಿ 'ಬೆನಿಫಿಟ್' ಅನ್ನುತ್ತಾರೆ. ಯಾರಿಗೋ ಕ್ಯಾನ್ಸರ್ ಆಗಿರುತ್ತದೆ. ಪೆಟ್ರೋಲ್ ಬಂಕಿನ ಗಾಜಿನ ಮೇಲೆ ಫೋಟೋ ಸಮೇತ ಚೀಟಿ ಬೀಳುತ್ತದೆ. ಚರ್ಚಿನ ನೆಲಮಾಳಿಗೆಯಲ್ಲಿ ಊಟ, ಮೂಲೆಯಲ್ಲಿ ಕೂಗದೆ ಹಾಳೆಯಲ್ಲಿ ಬೆಲೆ ಬರೆಯುವ ಹರಾಜು: ಅಜ್ಜಿಯರು ಹೊಲಿದ ಕೌದಿ, ಹಿಮ ತೆಗೆಯುವ ಹಳೇ ಯಂತ್ರ. ಊರಿನ ಬಾರಿನವರಾದರೆ ಮೀಟ್ ರಾಫಲ್ ಇಡುತ್ತಾರೆ, ಲಾಟರಿ ಎತ್ತಿ ಮಾಂಸದ ತಟ್ಟೆ ಕೊಡುವುದು. ನಾನು ಒಮ್ಮೆ ಗೆದ್ದೆ. ಮೂರು ಪೌಂಡ್ ಹಂದಿಮಾಂಸ ಕೈಯಲ್ಲಿ ಹಿಡಿದು ನಿಂತಿದ್ದ ಶುದ್ಧ ಸಸ್ಯಾಹಾರಿಯ ಮುಖ ನೋಡಿ ಕ್ಯಾನ್ಸರ್ ರೋಗಿಯೇ ನಕ್ಕರಂತೆ. ಅಷ್ಟಾದರೂ ಸೇವೆ ನನ್ನಿಂದ ಆಯಿತು.

ಆದರೆ ಹೇಳಿ, ಇದೇನು ಇದು? ಜಗತ್ತಿನಲ್ಲೇ ದುಡ್ಡಿರುವ ದೇಶ. ಸಣ್ಣ ಊರಿನ ನೆತ್ತಿಯ ಮೇಲೂ ಆಸ್ಪತ್ರೆಯ ಹೆಲಿಕಾಪ್ಟರ್ ಹಾರುತ್ತದೆ. ಅಂಥ ಕಡೆ ಕೀಮೋಥೆರಪಿಯ ಬಿಲ್ಲು ಕಟ್ಟುವುದಕ್ಕೆ ಮುದುಕಿಯರು ಟೊಮೆಟೊ ಸಾಸ್ ತಿರುವುತ್ತಾ ನಿಲ್ಲಬೇಕು. 2022ರ ಒಂದು ತನಿಖೆಯ ಪ್ರಕಾರ ಹತ್ತು ಕೋಟಿ ಜನರ ತಲೆ ಮೇಲೆ ಆಸ್ಪತ್ರೆ ಸಾಲ ಇದೆ. ಹತ್ತು ಕೋಟಿ. ಅಷ್ಟು ಜನಕ್ಕೆ ಎಷ್ಟು ಸ್ಪೆಗೆಟಿ ಬೇಯಿಸುತ್ತೀರಿ? ಇದಕ್ಕೆ ಥ್ರೈವೆಂಟ್ ಕಾರಣ ಅಲ್ಲ, ಚರ್ಚೂ ಅಲ್ಲ, ಆ ಮುದುಕಿಯರಂತೂ ಅಲ್ಲವೇ ಅಲ್ಲ. ಅವರು ಇರುವುದರಲ್ಲಿ ಮಾಡುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ನನಗೆ ಬೇಜಾರಾಗುವುದು ಅದಕ್ಕೇ. ಅವರ ಆ ಒಳ್ಳೆಯತನದ ಮೇಲೆಯೇ ಇಷ್ಟು ದೊಡ್ಡ ನಾಚಿಕೆಗೇಡು ಆರಾಮಾಗಿ ಕಾಲು ಚಾಚಿ ಮಲಗಿದೆ. ಯಾರೂ ಬೈಯುವುದಿಲ್ಲ. ಬೈಯುವ ಸಿಟ್ಟನ್ನೆಲ್ಲ ಬ್ಯಾನರ್ ಕಟ್ಟಿ, ಕುರ್ಚಿ ಜೋಡಿಸಿ ಖರ್ಚು ಮಾಡಿಬಿಡುತ್ತಾರೆ. ಮನೆಗೆ ಹೋಗುವಾಗ ಎಲ್ಲರಿಗೂ ಸುಸ್ತು, ಸಮಾಧಾನ. ಸೋಮವಾರ ಆಸ್ಪತ್ರೆಯಿಂದ ಇನ್ನೊಂದು ಬಿಲ್ಲು ಬರುತ್ತದೆ.

ಹೋದ ಶನಿವಾರವೂ ಒಂದು ಬೆನಿಫಿಟ್ ಇತ್ತು. ಅಜ್ಜನ ಹಳೇ ಸ್ನೇಹಿತರೊಬ್ಬರ ಮಗ, ನಲವತ್ತರ ಆಸುಪಾಸು, ಛಾವಣಿ ಹಾಕುವ ಕೆಲಸದವನು. ನಾನು ಗಾರ್ಲಿಕ್ ಬ್ರೆಡ್ ವಿಭಾಗದಲ್ಲಿದ್ದೆ. ಜನ ಚೆನ್ನಾಗಿ ಬಂದಿದ್ದರು. ಎಂಟು ಗಂಟೆಗೆ ಅಜ್ಜ ದುಡ್ಡಿನ ಡಬ್ಬ ಬಿಚ್ಚಿ ಎಣಿಸಿದರು, ಮತ್ತೊಮ್ಮೆ ಎಣಿಸಿದರು. "ಒಂದು ಸ್ಕ್ಯಾನಿಗೆ ಆಗತ್ತೆ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಪೂರ್ತಿ ಅಲ್ಲ," ಅಂದರು.

ಕುರ್ಚಿ ಮಡಚುವುದಕ್ಕೆ ಜನ ಉಳಿದಿರಲಿಲ್ಲ. ಕೂದಲು ಉದುರಿದ ತಲೆಗೆ ಟೋಪಿ ಹಾಕಿಕೊಂಡ ಒಬ್ಬ ಸಣಕಲು ಮನುಷ್ಯ ಎರಡೆರಡು ಕುರ್ಚಿ ಎತ್ತಿ ಗೋಡೆಗೆ ಒರಗಿಸುತ್ತಿದ್ದ. ಟೀ ಶರ್ಟು ಎಕ್ಸ್‌ಎಲ್, ಮೈಮೇಲೆ ಜೋತಾಡುತ್ತಿತ್ತು. ಕೂತ್ಕೊಳ್ಳಪ್ಪ, ನಾನು ಮಾಡ್ತೀನಿ ಅಂದೆ. "ಪರವಾಗಿಲ್ಲ, ನನ್ನದೇ ಅಲ್ವಾ ಕಾರ್ಯಕ್ರಮ," ಅಂದ.

ಬಾಗಿಲ ಬಳಿ ಸ್ವಯಂಸೇವಕರು ಹೆಸರು, ಗಂಟೆ ಬರೆಯುವ ಹಾಳೆ ಇತ್ತು. ನಾನು ಸಹಿ ಮಾಡುವಾಗ ನೋಡಿದೆ. ನನ್ನ ಮೇಲಿನ ಸಾಲಿನಲ್ಲಿ ಅವನ ಹೆಸರು. ಮೂರು ಗಂಟೆ. 33.49ರ ಲೆಕ್ಕಕ್ಕೆ ನೂರು ಡಾಲರ್ ನಲವತ್ತೇಳು ಸೆಂಟ್.